ಗೆರೆಯ ಒಳಗೆ ಬಂದ ಚಾ ಅಂಗಡಿ

ಈಗಲೂ ಶುಕ್ರವಾರ ಬೆಳಿಗ್ಗೆ ಎಚ್ಚರವಾದ ಕೂಡಲೇ ನನ್ನ ನಾಲಗೆ ಕೇಳುವುದು ದುಬೈಯ ದೇರಾದಲ್ಲಿ, ಹಡಗು ನಿಲ್ಲುವ ದಕ್ಕೆಯ ಎದುರಿಗಿದ್ದ ಒಂದು ಅಂಗಡಿಯ ಸುಲೈಮಾನಿಯನ್ನು. ಹಾಲಿಲ್ಲದ ಕಪ್ಪು ಚಾ, ಮೇಲೆ ಹಿಂಡಿದ ನಿಂಬೆ, ಒಳಗೆ ಜಜ್ಜಿದ ಏಲಕ್ಕಿ. ಅದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಅಲ್ ಬರ್ಷಾದ ನನ್ನ ಮನೆಯಲ್ಲಿ ಅದೇ ಏಲಕ್ಕಿ, ಅದೇ ನಿಂಬೆ, ಅದೇ ಚಾ ಪುಡಿ ತಂದು ಎಷ್ಟೋ ಸಲ ಮಾಡಿ ನೋಡಿದ್ದೇನೆ. ಬಣ್ಣ ಬರುತ್ತದೆ, ರುಚಿ ಬರುವುದಿಲ್ಲ. ಆ ಅಂಗಡಿ ಈಗಿಲ್ಲ. ಅದು ಹೋಗಲು ಕಾರಣವಾದವಳು ನಾನು. ಇದನ್ನು ನಯವಾಗಿ ಹೇಳುವ ದಾರಿ ಇದೆಯೇ ಎಂದು ಬಹಳ ಸಮಯ ಹುಡುಕಿದೆ. ಸಿಗದ ಕಾರಣ ಹೀಗೆಯೇ ಹೇಳುತ್ತಿದ್ದೇನೆ.

ನನ್ನದು ನಕ್ಷೆ ಬರೆಯುವ ಕೆಲಸ. ಕಾರ್ಕಳದ ಕಡೆಯ ಕೊಂಕಣಿ ಕ್ರಿಶ್ಚಿಯನ್ ಮನೆಯವಳು. ಡಿಪ್ಲೊಮಾ ಓದಿ, ಮಂಗಳೂರಿನಲ್ಲಿ ಇಂಜಿನಿಯರ್ ಒಬ್ಬರ ಕಚೇರಿಯಲ್ಲಿ ವರ್ಷಗಟ್ಟಲೆ ಬಚ್ಚಲುಮನೆ, ಕಾಂಪೌಂಡ್ ಗೋಡೆ ಎಳೆದೆಳೆದು ಬೇಸತ್ತು ದುಬೈಗೆ ಬಂದೆ. ಎರಡು ಸಾವಿರದ ಹತ್ತು ದಾಟಿದ ಕಾಲ ಅದು, ನನಗೆ ಮೂವತ್ತೆಂಟು. ಮದುವೆಯಾಗಿರಲಿಲ್ಲ, ಆಗುವ ಅಂದಾಜೂ ಇರಲಿಲ್ಲ. ಅಲ್ ಮುರಕ್ಕಬಾತ್‌ನ ಒಂದು ಫ್ಲ್ಯಾಟಿನಲ್ಲಿ ಇಬ್ಬರು ನರ್ಸುಗಳ ಜೊತೆ ಬೆಡ್‌ಸ್ಪೇಸ್ ಹಿಡಿದಿದ್ದೆ. ಅಂದರೆ ಒಂದು ಮಂಚ, ಅದರ ಕೆಳಗೆ ನನ್ನ ಸೂಟ್‌ಕೇಸು, ಕಪಾಟಿನಲ್ಲಿ ಒಂದು ಖಾನೆ. ಅವರಿಬ್ಬರ ಪಾಳಿ ಯಾವಾಗಲೂ ತಿರುವುಮುರುವು. ವಾರಗಟ್ಟಲೆ ನಾವು ಒಬ್ಬರ ಮುಖ ಒಬ್ಬರು ನೋಡದೆ, ಬಾಲ್ಕನಿಯಲ್ಲಿ ಒಣಗುವ ಬಟ್ಟೆಯಿಂದಲೇ ಯಾರು ಮನೆಯಲ್ಲಿದ್ದಾರೆ ಎಂದು ತಿಳಿದುಕೊಳ್ಳುತ್ತಿದ್ದೆವು.

ಹಾಗಿರುವಾಗ, ಅಲ್ಲಿನ ವಾರದ ರಜೆಯಾದ ಶುಕ್ರವಾರದ ಒಂದು ಅಭ್ಯಾಸ ಬೆಳೆಯಿತು. ಆಚೆ ದಡದ ಚರ್ಚಿನಲ್ಲಿ ಪೂಜೆ ಮುಗಿಸಿ, ಅಬ್ರಾ ಎನ್ನುವ ಚಿಕ್ಕ ಮರದ ದೋಣಿ ಹತ್ತಿ, ಖೋರ್ ದಾಟಿ ದೇರಾಕ್ಕೆ ಬರುವುದು. ಖೋರ್ ಅಂದರೆ ಸಮುದ್ರ ಊರಿನೊಳಗೆ ಚಾಚಿದ ತೋಳು. ನಮ್ಮವರೆಲ್ಲ ಕ್ರೀಕ್ ಎನ್ನುತ್ತಾರೆ. ಈಚೆ ದಡದ ದಕ್ಕೆಯಲ್ಲಿ ಮರದ ಹಡಗುಗಳು ಒಂದಕ್ಕೊಂದು ಒತ್ತಿ ನಿಂತಿರುತ್ತವೆ. ಫ್ರಿಜ್ಜು, ಟಯರು, ಅಕ್ಕಿ ಮೂಟೆ, ಹಾಸಿಗೆ, ಎಲ್ಲವನ್ನೂ ಹೇರಿಕೊಂಡು ಇರಾನಿಗೋ ಆಫ್ರಿಕಕ್ಕೋ ಹೊರಡುತ್ತವೆ. ಅದರ ಎದುರು, ರಸ್ತೆಯ ಈಚೆ, ಹವಳದ ಕಲ್ಲಿನ ಒಂದು ಹಳೆಯ ಗೋದಾಮು. ಆ ಗೋದಾಮಿನ ಗೋಡೆಗೆ ಆತುಕೊಂಡು ಸಿಮೆಂಟ್ ಬ್ಲಾಕಿನ ಒಂದು ಕೋಣೆ, ತಗಡಿನ ಮಾಡು. ಅದೇ ಕಾಕನ ಅಂಗಡಿ.

ಕಾಕ ಉಳ್ಳಾಲದ ಕಡೆಯ ಬ್ಯಾರಿ. ಇನ್ನೂ ಮೀಸೆ ಸರಿಯಾಗಿ ಬಾರದ ವಯಸ್ಸಿನಲ್ಲಿ ಮಂಗಳೂರಿನ ಹಳೆ ಬಂದರಿನಿಂದ ಹೆಂಚು ತುಂಬಿದ ಮಂಜಿ, ಅಂದರೆ ಸರಕಿನ ಹಾಯಿಹಡಗು ಹತ್ತಿ, ಇದೇ ದಕ್ಕೆಯಲ್ಲಿ ಇಳಿದವರು. ಮಂಜಿ ವಾಪಸ್ ಹೋಯಿತು, ಇವರು ಹೋಗಲಿಲ್ಲ. ಆ ಕೋಣೆಯ ಬ್ಲಾಕುಗಳನ್ನು ತಾನೇ ಹೊತ್ತು ಕಟ್ಟಿದ್ದು ಎಂದು ಹೇಳುತ್ತಿದ್ದರು. ನಾನು ನೋಡುವಾಗ ಅರವತ್ತು ದಾಟಿತ್ತು. ಹೆಂಡತಿ, ಮೂವರು ಹೆಣ್ಣುಮಕ್ಕಳು ಊರಿನಲ್ಲಿ, ಮಕ್ಕಳೆಲ್ಲ ಒಳ್ಳೆಯ ಕಡೆ ಸೇರಿದ್ದಾರೆ. ಎರಡು ವರ್ಷಕ್ಕೊಮ್ಮೆ ಹೋಗಿ ಒಂದು ತಿಂಗಳು ಇದ್ದು ಬರುತ್ತಿದ್ದರು. ಅಲ್ಲಿ ತನ್ನನ್ನು ನೆಂಟರ ಹಾಗೆ ನೋಡಿಕೊಳ್ಳುತ್ತಾರೆ, ಒಂದು ಲೋಟ ಎತ್ತಿಡಲೂ ಬಿಡುವುದಿಲ್ಲ, ಹದಿನೈದು ದಿನ ಕಳೆದರೆ ಉಸಿರು ಕಟ್ಟುತ್ತದೆ ಎಂದು ನಗುತ್ತಾ ಹೇಳುತ್ತಿದ್ದರು.

ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬೇರೆಯವರು ಬಾಯಮ್ಮ ಎಂದು ಕರೆಯುವುದು. ನನ್ನ ಅಜ್ಜಿಯನ್ನು ಹಾಗೆ ಕರೆಯುತ್ತಿದ್ದರು. ಕಾಕ ಮೊದಲ ದಿನವೇ ನನ್ನನ್ನು ಬಾಯಮ್ಮ ಎಂದರು. ನನಗೇನು ಅಷ್ಟು ವಯಸ್ಸಾಯಿತೇ ಎಂದು ಸಿಡುಕಿದ್ದೆ. ಅವರು ನಕ್ಕು ಒಂದು ಗೋಳಿಬಜೆ ಹೆಚ್ಚಿಗೆ ಹಾಕಿದರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಗಂಭೀರ ವಿಷಯ ಬಂದರೆ ಮಾತ್ರ ಅವರು ಕನ್ನಡಕ್ಕೆ ತಿರುಗುತ್ತಿದ್ದರು, ನಾಲ್ಕನೆಯ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಕಲಿತದ್ದಕ್ಕೆ ಮರ್ಯಾದೆ ಕೊಡುವ ಹಾಗೆ. ಮುಹೈಸ್ನಾದ ಕಾರ್ಮಿಕರ ಕ್ಯಾಂಪುಗಳಿಂದ ಬಸ್ಸು ಹಿಡಿದು ಬಂದ ಊರಿನವರು, ಹಡಗಿನ ಗುಜರಾತಿ ಖಲಾಸಿಗಳು, ಇರಾನಿಗಳು, ಎಲ್ಲರೂ ಆ ಎರಡು ಬೆಂಚಿನ ಮೇಲೆ. ಹೆಂಗಸು ಎಂದು ನನಗೆ ಒಳಗೆ, ಗ್ಯಾಸಿನ ಪಕ್ಕದ ಸ್ಟೂಲು. ನಾನು ಒಂದು ವಾರ ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವವರು ಆ ಇಡೀ ಊರಿನಲ್ಲಿ ಅವರೊಬ್ಬರೇ ಇದ್ದರು.

ನಾನಿದ್ದ ಕನ್ಸಲ್ಟೆನ್ಸಿಗೆ ಆ ಹೊತ್ತಿಗೆ ಒಂದು ದೊಡ್ಡ ಕೆಲಸದಲ್ಲಿ ಪಾಲು ಸಿಕ್ಕಿತು. ಖೋರ್ ಮತ್ತು ಅದರ ದಡದ ಹಳೆಯ ಕೇರಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಬೇಕು, ಅದಕ್ಕೆ ಬೇಕಾದ ಅರ್ಜಿ ತಯಾರಾಗಬೇಕು. ಅರ್ಜಿ ಎಂದರೆ ಒಂದು ಹಾಳೆ ಅಲ್ಲ. ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಅಬುಧಾಬಿ ಕಡೆಯ ಅಲ್ ಐನ್‌ನ ತೋಟ, ಕಾಲುವೆ, ಗೋರಿಗಳು ಆಗಲೇ ಪಟ್ಟಿ ಸೇರಿದ್ದವು. ದುಬೈಯಲ್ಲಿ ಏನಿದೆ, ಗಾಜಿನ ಗೋಪುರ ಬಿಟ್ಟು ಎಂದು ಹೊರಗಿನವರು ಕೇಳುತ್ತಾರಲ್ಲ, ಅದಕ್ಕೆ ಉತ್ತರ ಕೊಡಬೇಕು ಎಂಬ ಹಠ ನಮ್ಮ ಮ್ಯಾನೇಜರರ ಮಾತಿನಲ್ಲಿ ಕೇಳಿಸುತ್ತಿತ್ತು. ಅವರು ಬೈರೂತ್‌ನವರು, ಸಭ್ಯರು, ದಿನಕ್ಕೆ ಮೂರು ಸಲ ಶರ್ಟಿನ ಕೈ ಮಡಚಿ ಬಿಚ್ಚುವವರು. ಪಟ್ಟಿಯಲ್ಲಿ ಯುರೋಪಿನ ಚರ್ಚು, ಕೋಟೆಗಳದ್ದೇ ದರ್ಬಾರು, ಕೊಲ್ಲಿಯ ದೇಶಗಳನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ ಎಂದು ಅವರಿಗೆ ನಿಜವಾದ ಸಂಕಟವಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಪರಂಪರೆ ಎಂಬುದು ಕಲ್ಲು ಮಣ್ಣಿನ ವಿಷಯ ಎಂದುಕೊಂಡಿದ್ದ ನನಗೆ ಅದು ಶಬ್ದಗಳ ವಿಷಯ ಎಂದು ಆ ಕಚೇರಿಯಲ್ಲಿ ತಿಳಿಯಿತು. ಮೊದಲ ಜಗಳ ಸಮುದ್ರದ ಹೆಸರಿನದ್ದು. ಇಲ್ಲಿ ಅದನ್ನು ಅರಬ್ಬೀ ಕೊಲ್ಲಿ ಎಂದೇ ಬರೆಯಬೇಕು. ಹೊರಗಿನ ದಾಖಲೆಗಳಲ್ಲಿ ಪರ್ಷಿಯನ್ ಕೊಲ್ಲಿ. ಎರಡರಲ್ಲಿ ಯಾವುದು ಬರೆದರೂ ಯಾರಿಗೋ ಸಿಟ್ಟು. ಮ್ಯಾನೇಜರ್ ಯೋಚಿಸಿ ಯೋಚಿಸಿ, ನಕ್ಷೆಯನ್ನು ಸಮುದ್ರದ ಹೆಸರು ಬರೆಯಲು ಜಾಗವೇ ಇರದಂತೆ ಕತ್ತರಿಸಲು ನನಗೆ ಹೇಳಿದರು. ಬಂದರಿನ ನಕ್ಷೆಯಲ್ಲಿ ಸಮುದ್ರ ಬೆರಳಗಲ ಉಳಿಯಿತು. ಬರಹದಲ್ಲಿಯೂ ಹಾಗೆಯೇ: ವರ್ತಕರು ಎಂಬ ಮಾತು ಪುಟ ಪುಟದಲ್ಲಿ, ಮೂಟೆ ಹೊತ್ತವರು ಎಲ್ಲಿಯೂ ಇಲ್ಲ. ಬಂದರು ಇನ್ನೂ ಜೀವಂತವಾಗಿದೆ ಎಂದು ತೋರಿಸಲು ಮಾತ್ರ ಒಂದು ಫೋಟೊ ಬೇಕಾಯಿತು. ನಾನು ತೆಗೆದದ್ದನ್ನೇ ಹಾಕಿದರು. ಹಡಗಿನ ಹಲಗೆಯ ಮೇಲೆ ಕೂತ ಇಬ್ಬರು ಖಲಾಸಿಗಳು, ಕೈಯಲ್ಲಿ ಕಾಕನ ಅಂಗಡಿಯ ಗ್ಲಾಸು. ಕಾಕ ಫೋಟೊದಲ್ಲಿ ಇರಲಿಲ್ಲ, ಅವರ ಚಾ ಇತ್ತು.

ಇನ್ನು ಗೆರೆಯ ಕಥೆ. ಇಂಥ ಅರ್ಜಿಯಲ್ಲಿ ಎರಡು ಗೆರೆ ಎಳೆಯಬೇಕು. ಒಳಗಿನದ್ದು ಕೋರ್ ಝೋನ್, ಅಂದರೆ ಪಟ್ಟಿಗೆ ಸೇರುವ ಜಾಗ. ಅದರ ಸುತ್ತ ಬಫರ್ ಝೋನ್, ಕಾವಲಿನ ಜಾಗ. ಮೊದಲ ಕರಡಿನಲ್ಲಿ ಒಳಗಿನ ಗೆರೆ ಕಾಕನ ಅಂಗಡಿ ಇದ್ದ ಗೋದಾಮನ್ನು ಅಡ್ಡಕ್ಕೆ ಸೀಳಿಕೊಂಡು ಹೋಗಿತ್ತು. ಕಟ್ಟಡದ ನಡುವೆ ಗೆರೆ ಹೋಗುವ ಹಾಗಿಲ್ಲ, ಯಾವುದಾದರೂ ಓಣಿ ಹಿಡಿದು ಹೋಗಬೇಕು, ಸರಿಮಾಡಿ ಕೊಡು ಎಂದು ಮ್ಯಾನೇಜರ್ ನನಗೆ ಬಿಟ್ಟರು. ಎರಡು ಓಣಿಗಳಿದ್ದವು. ಆಚೆಯದ್ದನ್ನು ಹಿಡಿದರೆ ಗೋದಾಮು, ಅಂಗಡಿ ಎರಡೂ ಹೊರಗೆ. ಈಚೆಯದ್ದನ್ನು ಹಿಡಿದರೆ ಎರಡೂ ಒಳಗೆ.

ನಾನು ಒಳಗೆ ತಂದೆ. ಯೋಚಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. ಯಾಕೆಂದರೆ ನಾನು ಬೆಳೆದದ್ದು ಒಂದು ಬಸದಿಯ ಪಕ್ಕ. ಅದರ ಎದುರು ಸರಕಾರದ ಪುರಾತತ್ವ ಇಲಾಖೆಯ ನೀಲಿ ಬೋರ್ಡು. ಆ ಬೋರ್ಡು ನಿಂತ ಮೇಲೆ ಬಸದಿಯ ಹತ್ತಿರ ಒಂದು ಮೊಳೆ ಹೊಡೆಯುವಂತಿಲ್ಲ. ನೆರೆಮನೆಯವರು ಹಿತ್ತಿಲಿನಲ್ಲಿ ಬಚ್ಚಲು ಕಟ್ಟಲು ಹೋಗಿ ನೋಟೀಸು ತಿಂದರು. ಬಿದ್ದ ದನದ ಕೊಟ್ಟಿಗೆಯನ್ನು ಎಬ್ಬಿಸಲು ಬಿಡಲಿಲ್ಲ, ಬಿದ್ದಲ್ಲಿಂದ ತೆಗೆಯಲೂ ಬಿಡಲಿಲ್ಲ. ಊರವರು ಆ ಬೋರ್ಡಿಗೆ ಶಾಪ ಹಾಕುತ್ತಲೇ ಮುದುಕರಾದರು. ಗೆರೆಯ ಒಳಗೆ ಬಂದದ್ದನ್ನು ಯಾರೂ ಮುಟ್ಟುವಂತಿಲ್ಲ ಎಂಬುದು ನನಗೆ ಪುಸ್ತಕದಿಂದ ಬಂದ ಜ್ಞಾನ ಅಲ್ಲ, ಆ ಕೊಟ್ಟಿಗೆ ನೋಡಿ ಬಂದದ್ದು. ನಮ್ಮೂರಿನ ಬೋರ್ಡಿನ ಕಾನೂನನ್ನು ನಾನು ಮರಳುಗಾಡಿನ ನಕ್ಷೆಯ ಮೇಲೆ ಎಳೆದೆ. ಕಾಕನ ಅಂಗಡಿ ಇನ್ನು ನೂರು ವರ್ಷ ಗಟ್ಟಿ ಎಂದು ಒಳಗೊಳಗೇ ಕುಣಿದೆ. ಮ್ಯಾನೇಜರ್ ನೋಡಿ, ಗೋದಾಮು ಒಳಗೆ ಬಂದದ್ದು ಒಳ್ಳೆಯದಾಯಿತು ಎಂದು ಸಹಿ ಹಾಕಿದರು.

ಮುಂದಿನ ಶುಕ್ರವಾರವೇ ಬಾಯಿ ತಡೆಯಲಾಗದೆ ಕಾಕನಿಗೆ ಹೇಳಿಬಿಟ್ಟೆ. ಗೆರೆ ನಾನೇ ಎಳೆದದ್ದು ಎಂದು ಹೇಳಲಿಲ್ಲ, ಕಚೇರಿಯ ಗುಟ್ಟು. ಅಂಗಡಿ ಪರಂಪರೆಯ ಜಾಗದ ಒಳಗೆ ಬರುತ್ತದೆ, ಇನ್ನು ಯಾರೂ ಮುಟ್ಟುವುದಿಲ್ಲ ಎಂದಷ್ಟೇ ಹೇಳಿದೆ. ಅವರು ಗ್ಯಾಸಿನ ಉರಿ ತಗ್ಗಿಸಿ, ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಯಾಕೆಂದರೆ ಅದೇ ತಿಂಗಳು ಅವರ ಭಾವನ ಕಡೆಯವರೊಬ್ಬರು ಅಲ್ ಮುರಕ್ಕಬಾತ್‌ನಲ್ಲಿ ತನ್ನ ಕೆಫೆಟೇರಿಯಾ ನೋಡಿಕೊಳ್ಳಲು ಬನ್ನಿ, ಪಾಲುದಾರ ಎಂದು ಕಾಗದ ಮಾಡಿಸುತ್ತೇನೆ, ವೀಸಾದ ಚಿಂತೆ ಇರುವುದಿಲ್ಲ ಎಂದು ಕರೆದಿದ್ದರು. ಆ ವಯಸ್ಸಿನಲ್ಲಿ ವೀಸಾ ಎಂದರೆ ನೂಲಿನ ಮೇಲಿನ ನಡಿಗೆ. ಅಂಗಡಿ ಇದ್ದರೆ ಲೈಸೆನ್ಸು, ಲೈಸೆನ್ಸು ಇದ್ದರೆ ವೀಸಾ, ಅಂಗಡಿ ಹೋದರೆ ಖಲಾಸ್. ಕರೆದವರಿಗೆ ಕಾಕ ಕೂಡಲೇ ಬೇಡ ಎನ್ನದೆ, ನೋಡುವ ಎಂದಿದ್ದರು. ನನ್ನ ಮಾತು ಕೇಳಿದ ಮೇಲೆ ಅವರ ಮುಖ ಹಗುರಾದದ್ದನ್ನು ನಾನು ಕಂಡೆ. ಆ ದಿನ ಬೆಂಚಿನಲ್ಲಿದ್ದ ಎಲ್ಲರಿಗೂ ಸುದ್ದಿ ಹೇಳಿದರು. ಒಬ್ಬ ಗುಜರಾತಿ ಖಲಾಸಿ ಎದ್ದು ಬಂದು ತಗಡಿನ ಮಾಡಿಗೆ ಸಲಾಂ ಹೊಡೆದ.

ಅದಾಗಿ ಕೆಲವೇ ದಿನಕ್ಕೆ ಅಬುಧಾಬಿಯ ಹೋಟೆಲೊಂದರಲ್ಲಿ ಎರಡು ದಿನದ ಕಾರ್ಯಾಗಾರ. ನಕ್ಷೆ ತೋರಿಸಲು ನನ್ನನ್ನೂ ಕರೆದುಕೊಂಡು ಹೋದರು. ಯಾವುದೋ ದೇಶದ ನಿವೃತ್ತ ರಾಜತಾಂತ್ರಿಕರೊಬ್ಬರು ಪಟ್ಟಿ ಸೇರುವ ಬಗೆಯನ್ನು ಬಿಡಿಸಿ ಹೇಳಿದರು. ತಜ್ಞರು ಬಂದು ನೋಡಿ ವರದಿ ಬರೆಯುತ್ತಾರೆ. ಆದರೆ ತೀರ್ಮಾನ ತಜ್ಞರದ್ದಲ್ಲ, ಸಮಿತಿಯಲ್ಲಿ ಕೂತ ದೇಶಗಳದ್ದು. ತಜ್ಞರು ಬೇಡವೆಂದದ್ದು ಒಳಗೆ ಹೋದದ್ದಿದೆ. ಈ ವರ್ಷ ನೀನು ನನ್ನ ಕೋಟೆಯನ್ನು ಹೊಗಳು, ಬರುವ ವರ್ಷ ನಾನು ನಿನ್ನ ಕಾಡನ್ನು ಹೊಗಳುತ್ತೇನೆ, ಇಷ್ಟೇ. ನನಗೆ ನಮ್ಮ ಚರ್ಚಿನ ವಾಳೆಯ, ಅಂದರೆ ವಾರ್ಡಿನ ಮುಖಂಡ ಗುರ್ಕಾರನ ಚುನಾವಣೆ ನೆನಪಾಯಿತು. ಅಲ್ಲಿಯೂ ಹಿಂದಿನ ದಿನ ಸಂಜೆ ಯಾರ ಮನೆಯಲ್ಲಿ ಯಾರು ಕಾಫಿ ಕುಡಿದರು ಎಂಬುದರಲ್ಲೇ ಎಲ್ಲ ತೀರ್ಮಾನ. ನಗು ಬಂತು, ಹಾಯಾಗಿ ಕುರ್ಚಿಗೆ ಒರಗಿದೆ.

ಆಮೇಲೆ ಅವರು ಫೋಟೊ ತೋರಿಸಿದರು. ಬೇರೊಂದು ದೇಶದ ಒಂದು ಬಂದರು ಕೇರಿ, ಎಡಗಡೆ ಮೊದಲಿನದ್ದು, ಬಲಗಡೆ ಈಗಿನದ್ದು. ಎಡಗಡೆಯ ಚಿತ್ರದಲ್ಲಿ ಗೋಡೆಗೆ ಆತು ನಿಂತ ಒಂದು ತಗಡಿನ ಅಂಗಡಿ, ಎದುರಿಗೆ ಬೆಂಚು. ಬಲಗಡೆ ಅದೇ ಗೋಡೆ ಸುಣ್ಣ ಬಳಿದುಕೊಂಡು ನಿಂತಿತ್ತು. ಅಂಗಡಿ ಇರಲಿಲ್ಲ. ಚಾ ವಿರಾಮದಲ್ಲಿ ಹೋಗಿ ಆ ಅಂಗಡಿ ಎಲ್ಲಿ ಹೋಯಿತು ಎಂದು ಕೇಳಿದೆ. ಅದು ಆಮೇಲೆ ಸೇರಿಕೊಂಡದ್ದು, ಮೂಲ ಕಟ್ಟಡದ್ದಲ್ಲ, ಕೋರ್ ಝೋನ್ ಅಲ್ಲವೇ, ತೆಗೆಯಲೇಬೇಕು ಎಂದು ಅವರು ಖರ್ಜೂರ ಬಾಯಿಗೆ ಹಾಕಿಕೊಂಡು ಹೇಳಿದರು. ಹೊರಗಿದ್ದಿದ್ದರೆ ಎಂದು ಕೇಳಿದೆ. ಹೊರಗಿದ್ದರೆ ಯಾರು ಕೇಳುತ್ತಾರೆ, ಇರುತ್ತಿತ್ತು ಎಂದರು. ನಮ್ಮೂರಿನಲ್ಲಿ ಗೆರೆಯೊಳಗೆ ಬಂದದ್ದನ್ನು ಬಿದ್ದ ಹಾಗೆಯೇ ಬಿಡುತ್ತಾರೆ. ಇಲ್ಲಿ ಗೆರೆಯೊಳಗೆ ಬಂದದ್ದನ್ನು ಹಳೆಯದು ಮಾಡುತ್ತಾರೆ. ಕಟ್ಟಡದ ಕಾಲ ಬರೆಯುವ ಪಟ್ಟಿಯಲ್ಲಿ ಕಾಕನ ಕೋಣೆಯ ಎದುರು ‘ನಂತರದ ಸೇರ್ಪಡೆ’ ಎಂದು ಟೈಪ್ ಮಾಡಿದ್ದೂ ನಾನೇ.

ದುಬೈಗೆ ವಾಪಸಾದ ದಿನವೇ ಮ್ಯಾನೇಜರರ ಕೋಣೆಗೆ ಹೋಗಿ, ಗೆರೆಯನ್ನು ಆಚೆ ಓಣಿಗೆ ಹಾಕುವ ಎಂದೆ. ಅವರು ಕಾರಣ ಕೇಳಿದರು. ಗೋದಾಮಿಗೆ ಅಂಥ ಬೆಲೆ ಏನೂ ಇಲ್ಲ ಎಂದು ಏನೇನೋ ಒದರಿದೆ. ನಕ್ಷೆಗೆ ಮೇಲಿನವರ ಸಹಿ ಆಗಿ ಪ್ಯಾರಿಸ್ಸಿನಲ್ಲಿರುವ ವಿಶ್ವ ಪರಂಪರೆಯ ಕಚೇರಿಗೆ ಹೋಗಿ ಆಯಿತು, ಈಗ ಗೆರೆ ಸರಿಸಿದರೆ ನಮಗೇ ಗೊತ್ತಿಲ್ಲದ ಜಾಗಕ್ಕೆ ಅರ್ಜಿ ಹಾಕಿದ್ದೇವೆ ಎನ್ನುತ್ತಾರೆ ಎಂದರು. ಅವರ ಮಾತು ಸರಿಯೇ. ಚಾ ಅಂಗಡಿಯ ವಿಷಯವನ್ನು ಬಾಯಿಬಿಟ್ಟು ಹೇಳಿದ್ದರೆ ಕೇಳುತ್ತಿದ್ದರೋ ಏನೋ. ಹೇಳಲಿಲ್ಲ. ನಗುತ್ತಾರೆ ಎಂಬ ಹೆದರಿಕೆ.

ಇನ್ನೊಂದಿದೆ, ಇದಕ್ಕಿಂತ ಕೆಟ್ಟದ್ದು. ಅಲ್ ಮುರಕ್ಕಬಾತ್‌ನ ಆ ಕೆಫೆಟೇರಿಯಾದವರು ಇನ್ನೂ ಕಾಯುತ್ತಿದ್ದರು. ಮೂರು ಶುಕ್ರವಾರ ನಾನು ಕಾಕನ ಸ್ಟೂಲಿನ ಮೇಲೆ ಕೂತೆ. ಮೂರು ಸಲವೂ ಹೇಳಬೇಕೆಂದೇ ಹೋದೆ. ಮೊದಲ ಸಲ ಅವರಿಗೆ ಜ್ವರ ಇತ್ತು. ಎರಡನೆಯ ಸಲ ಮಗಳ ಫೋನು ಬಂತು. ಮೂರನೆಯ ಸಲ ಯಾವ ನೆಪವೂ ಇರಲಿಲ್ಲ, ಆದರೂ ಬಾಯಿ ಬರಲಿಲ್ಲ. ನಾನು ತಂದ ಸಂತೋಷವನ್ನು ನಾನೇ ಕಿತ್ತುಕೊಳ್ಳುವ ಧೈರ್ಯ ಆಗಲಿಲ್ಲ. ಅವರು ಅಂಗಡಿಗೆ ಹೊಸ ಬಣ್ಣ ಹೊಡೆಸಿದ್ದರು, ಪಿಸ್ತಾ ಹಸಿರು. ನಾಲ್ಕನೆಯ ವಾರ, ಕೆಫೆಟೇರಿಯಾಕ್ಕೆ ಬೇರೆಯವರು ಸಿಕ್ಕಿದರಂತೆ, ತಾನೇ ಬೇಡವೆಂದು ಹೇಳಿ ಕಳಿಸಿದ್ದಾಗಿ ಕಾಕ ನೆಮ್ಮದಿಯಿಂದ ಹೇಳಿದರು.

ತಜ್ಞರು ನೋಡಲು ಬರುವ ದಿನ ದಕ್ಕೆಯ ರಸ್ತೆ ಗುಡಿಸಿ ತೊಳೆದು ಕನ್ನಡಿಯ ಹಾಗಿತ್ತು. ಸಣ್ಣ ಅಂಗಡಿಗಳು ಒಂದು ದಿನ ಬಾಗಿಲು ಹಾಕಿದರೆ ಚಂದ ಎಂದು ನಮ್ಮ ಕಚೇರಿಯವರೇ ಹೋಗಿ ಕೇಳಿಕೊಂಡಿದ್ದರು. ಕಾಕ ಖುಷಿಯಿಂದ ಹಾಕಿದ್ದರು. ಒಳ್ಳೆಯ ಕೆಲಸಕ್ಕೆ ಒಂದು ದಿನ ಎಂದರಂತೆ. ಬಂದ ತಜ್ಞೆ ವಯಸ್ಸಾದವರು, ಹತ್ತಿಯ ಟೊಪ್ಪಿ, ಮಾತು ಕಡಿಮೆ. ನಕ್ಷೆಯ ಸುರುಳಿ ಹಿಡಿದು ನಾನು ಹಿಂದೆ ಹಿಂದೆ ನಡೆಯುತ್ತಿದ್ದೆ. ಅವರು ಅರ್ಜಿಯ ಪುಸ್ತಕ ತೆರೆದು, ನಾನು ತೆಗೆದ ಫೋಟೊ ತೋರಿಸಿ, ಈ ನಾವಿಕರಿಗೆ ಚಾ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಮ್ಯಾನೇಜರ್ ಅವರನ್ನು ಹಳೆಯ ಮಾದರಿಯಲ್ಲಿ ಹೊಸದಾಗಿ ಕಟ್ಟಿದ, ಮನೆಯೊಳಗೆ ಗಾಳಿ ಇಳಿಸುವ ಗೋಪುರದ ಕಡೆಗೆ ಕರೆದುಕೊಂಡು ಹೋದರು. ನಾನು ಮುಚ್ಚಿದ ಹಸಿರು ಬಾಗಿಲಿನ ಎದುರೇ ನಿಂತಿದ್ದೆ. ಕೈ ತೋರಿಸಿದ್ದರೆ ಸಾಕಿತ್ತು.

ಗೋದಾಮಿನ ಮಾಲಕರ ಪತ್ರ ಆಮೇಲೆ ಬಂತು. ಕಟ್ಟಡವನ್ನು ಮೂಲರೂಪಕ್ಕೆ ತರುವ ಕೆಲಸ ಇದೆ, ಬಾಡಿಗೆಯ ಅವಧಿ ಮುಗಿದ ಮೇಲೆ ಮುಂದುವರಿಸುವುದಿಲ್ಲ. ಕಾಕ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು ನನಗೆ ಕೊಟ್ಟರು. ಏನೋ ತಪ್ಪಾಗಿರಬೇಕು, ಪರಂಪರೆಯವರಿಗೆ ಒಂದು ಮಾತು ತಿಳಿಸಿ ಎಂದರು. ತಿಳಿಸುತ್ತೇನೆ ಎಂದು ಬಂದೆ. ಯಾರಿಗೆ ತಿಳಿಸುವುದು? ಪರಂಪರೆಯವಳು ನಾನೇ ತಾನೆ.

ಅವರು ಬೇರೆ ಜಾಗ ಹುಡುಕಿದರು. ದಕ್ಕೆಯ ಹತ್ತಿರ ಯಾವುದೂ ಸಿಗಲಿಲ್ಲ, ದೂರ ಸಿಕ್ಕಿದವರು ಅವರ ವಯಸ್ಸು ಕೇಳಿ ಹಿಂದೆ ಸರಿದರು. ಲೈಸೆನ್ಸು ಮುಗಿಯಿತು, ವೀಸಾ ಕ್ಯಾನ್ಸಲ್ ಮಾಡಬೇಕಾಯಿತು. ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾನು ರಜೆ ಹಾಕಿ ಹೋದೆ. ಬೆಂಚುಗಳು ಹೋಗಿದ್ದವು. ಕಾಕ ನೆಲದಲ್ಲಿ ಕೂತು ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ನಾಲ್ಕು ದಶಕ ಇದ್ದವರ ಸಾಮಾನು ಎರಡು ಪೆಟ್ಟಿಗೆ. ನಾನು ಹಗ್ಗದ ಗಂಟಿನ ಮೇಲೆ ಬೆರಳಿಟ್ಟೆ, ಅವರು ಬಿಗಿದರು.

“ಕಾಕ, ಆ ಗೆರೆ ಹಾಕಿದ್ದು ನಾನು,” ಎಂದೆ. “ನಿಮ್ಮ ಅಂಗಡಿ ಹೊರಗೆ ಬಿಡ್ಬಹುದಿತ್ತು. ಒಳಗೆ ತಂದದ್ದು ನಾನೇ.”

ಅವರು ಕೈ ನಿಲ್ಲಿಸಿದರು. ತುಳು ಬಿಟ್ಟು ಕನ್ನಡಕ್ಕೆ ಬಂದರು.

“ಬೇಕೂಂತಲೇ ತಂದದ್ದಾ?”

“ಹೌದು. ಒಳಗೆ ಬಂದ್ರೆ ಉಳೀತದೆ ಅಂತ ಎಣಿಸಿದೆ.”

ಬೈಯಲಿ ಎಂದು ನಾನು ಕಾಯುತ್ತಿದ್ದೆ. ಬೈದಿದ್ದರೆ ಸುಖವಾಗುತ್ತಿತ್ತು. ಅವರು ಮತ್ತೆ ಹಗ್ಗಕ್ಕೆ ಕೈ ಹಾಕಿ, ಮುಖ ಎತ್ತದೆ ಹೇಳಿದರು:

“ಇಷ್ಟು ವರ್ಷದಲ್ಲಿ ಈ ಊರಲ್ಲಿ ನನ್ನನ್ನು ಒಳಗೆ ಸೇರಿಸಿದ್ದು ನೀವೊಬ್ರೇ ಬಾಯಮ್ಮ.”

ಆ ಮಾತಿಗೆ ನಾನು ಅಲ್ಲಿಯೇ ಕೂತು ಅತ್ತುಬಿಟ್ಟೆ. ಮೂರು ಶುಕ್ರವಾರ ಬಾಯಿ ಮುಚ್ಚಿಕೊಂಡಿದ್ದ ವಿಷಯವನ್ನು ಮಾತ್ರ ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.

ಅವರು ಹೋದ ಮೇಲೆ ಕಚೇರಿ ಅಲ್ ಬರ್ಷಾಕ್ಕೆ ಬದಲಾಯಿತು, ನಾನೂ ಬದಲಾದೆ. ಈಗ ನನ್ನದೇ ಒಂದು ಸ್ಟುಡಿಯೊ ಫ್ಲ್ಯಾಟು, ಮೆಟ್ರೊ ಹತ್ತಿರ, ಕಪಾಟು ಪೂರ್ತಿ ನನ್ನದು. ಶುಕ್ರವಾರ ದೇರಾದ ಕಡೆ ಹೋಗುವುದನ್ನು ಬಿಟ್ಟೆ. ಒಮ್ಮೆ ಮಾತ್ರ ಹೋಗಿ ನೋಡಿದೆ. ಗೋದಾಮಿನ ಗೋಡೆ ಬೆಳ್ಳಗೆ ನುಣ್ಣಗಾಗಿತ್ತು. ಕೋಣೆ ಇದ್ದಲ್ಲಿ ಕೆತ್ತನೆಯ ಮರದ ಬಾಗಿಲು, ಒಂದು ಲಾಂದ್ರ. ಬಾಗಿಲು ಹೊಸದು, ಹಳೆಯದರಂತೆ ಕಾಣಲು ಉಜ್ಜಿದ್ದರು. ಖಲಾಸಿಗಳು ಹಡಗಿನ ಮೇಲೆ ಕೂತು ಡಬ್ಬದ ಜ್ಯೂಸು ಕುಡಿಯುತ್ತಿದ್ದರು. ನನಗೆ ನಿಲ್ಲಲಾಗಲಿಲ್ಲ, ಟ್ಯಾಕ್ಸಿ ಹಿಡಿದು ಬಂದುಬಿಟ್ಟೆ.

ಸಮಿತಿಯ ಸಭೆ ನಡೆದದ್ದು ದೂರದ ಒಂದು ದೇಶದಲ್ಲಿ. ಇಂಟರ್ನೆಟ್‌ನಲ್ಲಿ ನೇರ ತೋರಿಸುತ್ತಾರೆ. ಕಚೇರಿಯವರೆಲ್ಲ ದೊಡ್ಡ ಪರದೆಯ ಎದುರು ಕೂತಿದ್ದೆವು. ಮ್ಯಾನೇಜರ್ ಹೊಸ ಶರ್ಟು ಹಾಕಿದ್ದರು. ನಮಗಿಂತ ಮೊದಲು ಬಂದ ಒಂದು ಜಾಗಕ್ಕೆ ತಜ್ಞರು ಒಲ್ಲೆ ಎಂದಿದ್ದರೂ ದೇಶಗಳು ಒಂದರ ಹಿಂದೆ ಒಂದು ಎದ್ದು ಹೊಗಳಿ, ತೀರ್ಮಾನದ ಸಾಲುಗಳನ್ನೇ ತಿದ್ದಿ ಒಳಗೆ ಸೇರಿಸಿದವು. ಅಲ್ಲಿದ್ದವರು ಎದ್ದು ಅಪ್ಪಿಕೊಂಡರು. ಆಮೇಲೆ ನಮ್ಮದು. ಸ್ನೇಹಿತ ದೇಶಗಳು ಎರಡು ಒಳ್ಳೆಯ ಮಾತು ಆಡಿದವು, ಆದರೆ ಸಾಕಾಗಲಿಲ್ಲ. ಹೊಸದಾಗಿ ಕಟ್ಟಿದ್ದು ಹೆಚ್ಚಾಗಿದೆ, ಹಳೆಯ ಜೀವನದ ಕುರುಹು ಕಡಿಮೆಯಾಗಿದೆ ಎಂಬ ಅರ್ಥದ ಮಾತು ಓದಿದರು. ಈ ಸಲ ಇಲ್ಲ. ಸುತ್ತಿಗೆ ಬಡಿಯಿತು. ನಮ್ಮ ಸರದಿ ಮುಗಿಯಲು ಅಬ್ರಾದಲ್ಲಿ ಖೋರ್ ದಾಟುವಷ್ಟು ಹೊತ್ತೂ ಹಿಡಿಯಲಿಲ್ಲ. ಮ್ಯಾನೇಜರ್ ಶರ್ಟಿನ ಕೈ ಬಿಚ್ಚಿ, ಗುಂಡಿ ಹಾಕಿಕೊಂಡು, ಯಲ್ಲಾ, ನಡೆಯಿರಿ, ಕೆಲಸ ನೋಡಿ ಎಂದರು. ಅವರ ಕಣ್ಣು ಕೆಂಪಾಗಿತ್ತು. ಅವರ ಮೇಲೆ ನನಗೆ ಮೊದಲ ಸಲ ಕನಿಕರ ಹುಟ್ಟಿತು.

ಸಂಜೆ ಮನೆಗೆ ಬಂದು ಉಳ್ಳಾಲಕ್ಕೆ ಫೋನ್ ಮಾಡಿದೆ. ಯಾಕೆ ಮಾಡಿದೆನೋ ಗೊತ್ತಿಲ್ಲ. ಸೇಡು ತೀರಿದ ಸುದ್ದಿ ಎಂದುಕೊಂಡೆನೋ, ಕ್ಷಮೆ ಕೇಳುವ ಹೊಸ ದಾರಿ ಎಂದುಕೊಂಡೆನೋ. ಮಗಳು ಎತ್ತಿ ಅವರಿಗೆ ಕೊಟ್ಟಳು. ಸ್ವರ ಸಣ್ಣದಾಗಿತ್ತು. ಆರಾಮ ಇದ್ದೇನೆ, ಎಲ್ಲರೂ ನೋಡಿಕೊಳ್ಳುತ್ತಾರೆ, ಅಡುಗೆಮನೆಗೆ ಹೋಗಲು ಬಿಡುವುದಿಲ್ಲ ಎಂದರು. ಪಟ್ಟಿಗೆ ಸೇರಲಿಲ್ಲ ಎಂದು ನಾನು ಹೇಳಿದೆ. ಆ ಕಡೆ ಕುರ್ಚಿ ಎಳೆದ ಸದ್ದು, ಯಾವುದೋ ಬಾಗಿಲು ಮುಚ್ಚಿದ ಸದ್ದು ಕೇಳಿತು. ಮನೆಯವರಿಂದ ದೂರ ಬಂದಿರಬೇಕು. ಕನ್ನಡದಲ್ಲಿ ಕೇಳಿದರು:

“ಹಾಗಾದ್ರೆ ಆ ಗೆರೆ ಈಗ ಇಲ್ಲ ಅಲ್ವಾ ಬಾಯಮ್ಮ?”

ಗೆರೆ ಕಾಗದದಲ್ಲಿ ಇತ್ತು, ಇನ್ನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಕೋಣೆ ಇರಲಿಲ್ಲ, ಲೈಸೆನ್ಸು ಇರಲಿಲ್ಲ, ಆ ಬೆಳ್ಳಗಿನ ಗೋಡೆಗೆ ಇನ್ನು ಯಾರೂ ಒರಗುವ ಹಾಗಿರಲಿಲ್ಲ. ಇದನ್ನೆಲ್ಲ ಹೇಳಬೇಕಿತ್ತು. ಮೂರು ಶುಕ್ರವಾರ ಹೇಳದವಳು ಆ ದಿನವಾದರೂ ಹೇಳಬೇಕಿತ್ತು.

“ನೋಡ್ತೇನೆ ಕಾಕ,” ಎಂದೆ.

“ನೀವು ನೋಡಿ. ನಾನು ವೀಸಾಕ್ಕೆ ಫೋಟೊ ತೆಗ್ಸಿ ಇಡ್ತೇನೆ,” ಎಂದರು. ಸ್ವರ ಒಮ್ಮೆಲೇ ಮೊದಲಿನ ಹಾಗಾಗಿತ್ತು. “ಫೋಟೊದಲ್ಲಿ ಬೆನ್ನ ಹಿಂದೆ ಬಿಳಿ ಬಟ್ಟೆಯೇ ಅಲ್ವಾ, ಈಗ್ಲೂ?”

ಹೌದು, ಬಿಳಿಯೇ ಎಂದು ನಾನು ಹೇಳಿದೆ.